ತಾಯಿ-ಮಗು ಆರೋಗ್ಯದ ಮನೆ ಮನೆ ಸಮೀಕ್ಷೆ: ಆಶಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಬೇಕಾ, ಬೇಡವಾ?

ಮುಂಗಾರು_ಜಗಳೂರು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಜಗಳೂರು, ಚಳ್ಳಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಬೇಕು. ಸುಮಾರು 300 ಮನೆ. ಐದು ವರ್ಷದೊಳಗಿನ ಮಗು ಇರುವ ತಾಯಂದಿರನ್ನು ಮಾತಾಡಿಸುವುದು. ಬಸುರಿಯಲ್ಲಿ ಎಷ್ಟು ಸಲ ತಪಾಸಣೆ ಆಯ್ತು, ಹೆರಿಗೆ ಎಲ್ಲಿ ಆಯ್ತು, ಎದೆಹಾಲು ಯಾವಾಗ ಶುರು ಮಾಡಿದರು, ಲಸಿಕೆ, ಭೇದಿ, ಮಗುವಿನ ತೂಕ-ಎತ್ತರ, ಮಕ್ಕಳ ಸಾವು ಆಗಿದೆಯಾ, ಎಲ್ಲಾ ಕೇಳುತ್ತೇವೆ.

ಪ್ರಶ್ನೆಗಳು ಸರಿ ಇವೆಯಾ ನೋಡೋಣ ಅಂತ ಮೊದಲು ಒಂದು ಊರಲ್ಲಿ ಕೆಲವು ಮನೆ ಮಾಡಿದೆವು. ಅಲ್ಲಿನ ಆಶಾ ಅಕ್ಕ ಪೂರ್ತಿ ಜೊತೆಗಿದ್ದರು. ಬಹಳ ಒಳ್ಳೆಯವರು, ಟೀ ಕೂಡ ಅವರೇ ಕೊಡಿಸಿದರು. ಆದರೆ ಐರನ್ ಮಾತ್ರೆ ಎಷ್ಟು ನುಂಗಿದಿರಿ ಅಂತ ಕೇಳಿದರೆ ಪ್ರತಿ ತಾಯಿಯೂ "ಪೂರ್ತಿ ನುಂಗಿದೀನಿ ಮೇಡಂ" ಅನ್ನುತ್ತಿದ್ದರು. ಒಂದು ಮನೆಯ ಗೂಡಿನಲ್ಲಿ, ಅರಿಶಿನ ಕುಂಕುಮದ ಬಟ್ಟಲ ಪಕ್ಕದಲ್ಲೇ, ಒಡೆಯದ ಮಾತ್ರೆ ಪಟ್ಟಿಗಳು ರಬ್ಬರ್ ಬ್ಯಾಂಡ್ ಹಾಕಿಕೊಂಡು ಕೂತಿದ್ದವು. ಆಶಾ ಅಕ್ಕ ನೋಡಿದರು, ನಾನೂ ನೋಡಿದೆ, ಆ ತಾಯಿಯೂ ನೋಡಿದಳು. ಫಾರಂನಲ್ಲಿ ಬರೆದದ್ದು ಪೂರ್ತಿ 180 ಮಾತ್ರೆ.

ನಮ್ಮ ಗೈಡ್ ಹೇಳುವುದು, ಆಶಾ ಇಲ್ಲದಿದ್ದರೆ ಯಾರೂ ಬಾಗಿಲು ತೆಗೆಯಲ್ಲ ಅಂತ. ಜೊತೆಯವಳು ಹೇಳುವುದು, ಆಶಾ ಇದ್ದರೆ ಯಾರೂ ಬಾಯಿ ತೆಗೆಯಲ್ಲ ಅಂತ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಆಶಾ_ಅಕ್ಕ_ಚಳ್ಳಕೆರೆ:

ನಾನೇ ಆಶಾ. ನಮ್ಮ ಬಗ್ಗೆನೇ ಚರ್ಚೆ ನಡೀತಿದೆ, ಸುಮ್ನೆ ಇರೋಕಾಗುತ್ತಾ?

ಮೊದಲು ಒಂದು ವಿಷಯ. ನಾವಿಲ್ಲದೆ ಇಬ್ಬರು ಹುಡುಗಿಯರು ಬ್ಯಾಗ್ ಹಾಕಿಕೊಂಡು, ಕೈಯಲ್ಲಿ ಟ್ಯಾಬ್ ಹಿಡಿದು ಊರೊಳಗೆ ಬಂದರೆ ಜನ ಏನಂದುಕೊಳ್ಳುತ್ತಾರೆ ಗೊತ್ತಾ? ಮೈಕ್ರೋ ಫೈನಾನ್ಸ್‌ನವರು ಕಂತು ಕೇಳೋಕೆ ಬಂದರು ಅಂತ. ಹೆಂಗಸರು ಹಿತ್ತಲ ಬಾಗಿಲಿಂದ ಹೋಗಿಬಿಡುತ್ತಾರೆ. ಇನ್ನು ಕೆಲವರು ಬಿಪಿಎಲ್ ಕಾರ್ಡ್ ಕಿತ್ತುಕೊಳ್ಳೋಕೆ ಬಂದಿದ್ದಾರೆ ಅಂತ ಬೈಕಿಗೆ ಚಾದರ ಹೊದಿಸುತ್ತಾರೆ. ನೀವು ಫ್ರಿಜ್ ಇದೆಯಾ, ಬೈಕ್ ಇದೆಯಾ ಅಂತ ಬೇರೆ ಕೇಳುತ್ತೀರಲ್ಲ.

ಆದರೆ ಮಾತ್ರೆ ವಿಷಯ ನೀವು ಹೇಳಿದ್ದು ಖರೆ. ನಾನು ಪಕ್ಕದಲ್ಲಿ ಕೂತರೆ ಆ ಹುಡುಗಿ ಉತ್ತರ ಕೊಡೋದು ನಿಮಗಲ್ಲ, ನನಗೆ. ಪ್ರತಿ ತಿಂಗಳು ಮಾತ್ರೆ ಕೊಟ್ಟು "ತಪ್ಪದೆ ನುಂಗಮ್ಮ" ಅಂದವಳು ನಾನೇ. ನನ್ನ ಮುಂದೆ ಇಲ್ಲ ಅಂತ ಹೇಗಂತಾಳೆ? ನಮ್ಮ ಪ್ರೋತ್ಸಾಹಧನ ತಪಾಸಣೆ, ಹೆರಿಗೆ, ಲಸಿಕೆ ಮೇಲೆ ನಿಂತಿದೆ ಅಂತ ಊರಿಗೆಲ್ಲ ಗೊತ್ತು. ಅಕ್ಕನ ದುಡ್ಡಿಗೆ ಕಲ್ಲು ಹಾಕಬಾರದು ಅಂತ ಪಾಪ ಹೂಂ ಅನ್ನುತ್ತಾರೆ.

ನನ್ನ ಕೇಳಿದರೆ, ಬಾಗಿಲ ತನಕ ನಾವು ಬರುತ್ತೇವೆ. ಇವರು ಯಾರು, ಯಾಕೆ ಬಂದಿದ್ದಾರೆ ಹೇಳುತ್ತೇವೆ. ಆಮೇಲೆ ನಮಗೂ ಬೇರೆ ಕೆಲಸ ಇದೆ, ಹೋಗುತ್ತೇವೆ.

ಕೋಟೆನಾಡಿಗ:

ಚಿತ್ರದುರ್ಗದಿಂದ. ನನ್ನದು ಬೇರೆ ತಕರಾರು. ಸಮೀಕ್ಷೆ ಯಾಕೆ ಬೇಕು? ಬಸುರಿ ಅಂತ ಗೊತ್ತಾದ ದಿನದಿಂದ ತಾಯಿ ಕಾರ್ಡ್ ಇದೆ, ಅದರ ನಂಬರ್ ಇದೆ, ಆರೋಗ್ಯ ಇಲಾಖೆಗೆ ಪೋರ್ಟಲ್ ಇದೆ. ಅಂಗನವಾಡಿಯವರು ಪೋಷಣ್ ಟ್ರ್ಯಾಕರ್‌ನಲ್ಲಿ ತೂಕ ಎತ್ತರ ತುಂಬುತ್ತಾರೆ. ಅದನ್ನೆಲ್ಲ ಕೂಡಿಸಿದರೆ ಆಯ್ತಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟ್ರುಗಳು ಬಂದರು. 60 ಪ್ರಶ್ನೆ. ಕರೆಂಟ್ ಮೀಟರ್ ಹತ್ತಿರ ಅದರ ಸ್ಟಿಕ್ಕರ್ ಅಂಟಿದೆ. ನಮ್ಮಮ್ಮ ಈಗ ಯಾರು ಬಂದರೂ ಸ್ಟಿಕ್ಕರ್ ತೋರಿಸಿ "ಆಗಿದೆ, ಹೋಗಿ" ಅನ್ನುತ್ತಾರೆ.

ಲೆಕ್ಕದ_ಮೇಷ್ಟ್ರು:

ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಆ 60 ಪ್ರಶ್ನೆ ಹಿಡಿದು ಓಡಾಡಿದವರಲ್ಲಿ ನಾನೂ ಒಬ್ಬ.

ರಿಜಿಸ್ಟರ್ ಇದೆಯಲ್ಲ ಅಂದಿರಿ. ಜನನ ನೋಂದಣಿ ನಡೆಯುವುದು 1969ರ ಕಾಯ್ದೆ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿ. ದಾವಣಗೆರೆ ನಗರದ ಆಸ್ಪತ್ರೆಗಳಿಗೆ ಹರಪನಹಳ್ಳಿಯಿಂದ ಬರುತ್ತಾರೆ, ರಾಣೆಬೆನ್ನೂರು ಕಡೆಯಿಂದ ಬರುತ್ತಾರೆ, ಹೊಳಲ್ಕೆರೆಯಿಂದ ಬರುತ್ತಾರೆ. ಆ ಮಕ್ಕಳೆಲ್ಲ ದಾವಣಗೆರೆ ಪಟ್ಟಿಗೆ ಸೇರುತ್ತವೆ. ಇನ್ನು ತವರುಮನೆ ಬಾಣಂತನ. ಹೆಸರು ಬರೆಸಿದ್ದು ಗಂಡನ ಊರಲ್ಲಿ, ಹೆತ್ತದ್ದು ತವರಿನ ತಾಲ್ಲೂಕಲ್ಲಿ, ಮೊದಲ ಲಸಿಕೆ ಅಲ್ಲೇ, ಮೂರನೇ ಲಸಿಕೆ ಇಲ್ಲಿ. ಎರಡು ಊರಿನ ಪಟ್ಟಿಯಲ್ಲೂ ಅರ್ಧರ್ಧ ಇರುತ್ತಾಳೆ. ಕೆಲವೊಮ್ಮೆ ಎರಡೂ ಕಡೆ ಬಿಟ್ಟುಹೋಗಿರುತ್ತಾಳೆ. ಮನೆ ಮನೆಗೆ ಹೋದರೆ ಈ ಗೋಜಲು ಬಿಚ್ಚಿಕೊಳ್ಳುತ್ತೆ. ರಿಜಿಸ್ಟರ್‌ಗೆ ಬಂದವರು ಸಿಗುತ್ತಾರೆ. ಬಾರದವರು ಯಾರು ಅಂತ ತಿಳಿಯೋಕೆ ಮನೆಗೇ ಹೋಗಬೇಕು.

ಜಿಲ್ಲೆಯ ಅಂಕಿ ಹೋಲಿಸುವವರಿಗೆ ಒಂದು ಕಿವಿಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, ಅಂದರೆ 2019-21ರದ್ದು, 2017ರ ಮಾರ್ಚ್ 31ಕ್ಕೆ ಇದ್ದ 707 ಜಿಲ್ಲೆಗಳ ಪಟ್ಟಿ ಇಟ್ಟುಕೊಂಡು ಮಾಡಿದ್ದು. ಹರಪನಹಳ್ಳಿ ಬಳ್ಳಾರಿಗೆ ಹೋದದ್ದು 2018ರಲ್ಲಿ, ಈಗ ವಿಜಯನಗರದಲ್ಲಿದೆ. ಹಾಗಾಗಿ ಆ ವರದಿಯ ದಾವಣಗೆರೆಗೂ ಇವತ್ತಿನ ದಾವಣಗೆರೆಗೂ ಒಂದು ತಾಲ್ಲೂಕಿನ ವ್ಯತ್ಯಾಸ. ಇದನ್ನು ನೋಡದೆ "ಜಿಲ್ಲೆ ಸುಧಾರಿಸಿದೆ, ಕೆಟ್ಟಿದೆ" ಅಂತ ಬರೆದ ಪ್ರಾಜೆಕ್ಟ್‌ಗಳನ್ನು ಓದಿ ಓದಿ ಸಾಕಾಗಿದೆ.

ಮುಂಗಾರು ಅವರೇ, ನಿಮ್ಮ ಪೋಸ್ಟಿನಲ್ಲಿ ಒಂದು ಕಡೆ ಕಣ್ಣು ನಿಂತಿತು. "ಐದು ವರ್ಷದೊಳಗಿನ ಮಗು ಇರುವ ತಾಯಂದಿರು" ಅಂದಿದ್ದೀರಿ. ಮಕ್ಕಳ ಸಾವಿನ ಪ್ರಶ್ನೆಯೂ ಇದೆ ಅಂದಿದ್ದೀರಿ. ಒಂದೇ ಮಗು ಹುಟ್ಟಿ, ಅದೂ ತೀರಿಕೊಂಡ ತಾಯಿ ನಿಮ್ಮ ಪಟ್ಟಿಯಲ್ಲಿ ಎಲ್ಲಿ ಬರುತ್ತಾಳೆ? ಬರುವುದೇ ಇಲ್ಲ. ಕಳೆದ ಐದು ವರ್ಷದಲ್ಲಿ ಹೆತ್ತವರು ಅಂತ ಮಾಡಿ. ಮಗು ಈಗ ಇರಲಿ, ಇಲ್ಲದಿರಲಿ.

ಮುಂಗಾರು_ಜಗಳೂರು:

ಇದು ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಸರ್. ಬದಲಾಯಿಸುತ್ತೇನೆ. ಶಿಶು ಮರಣ ದರ, ತಾಯಿ ಮರಣ ದರ ಎರಡನ್ನೂ ಲೆಕ್ಕ ಹಾಕಿ ಕೊಡಬೇಕು ಅಂತ ಹೇಳಿದ್ದಾರೆ. 300 ಮನೆ ಸಾಕಾಗುತ್ತಾ?

ಲೆಕ್ಕದ_ಮೇಷ್ಟ್ರು:

ಸಾಕಾಗಲ್ಲ. ಸುಮ್ನೆ ಲೆಕ್ಕ ಹಾಕಿ. 300 ಮನೆಯಲ್ಲಿ ಐದು ವರ್ಷಕ್ಕೆ 400 ಹೆರಿಗೆ ಅಂತ ಹಿಡಿಯೋಣ. ಹುಟ್ಟಿದ ಸಾವಿರಕ್ಕೆ 25 ಶಿಶು ಮರಣ (ಒಂದು ವರ್ಷ ತುಂಬುವ ಮುಂಚಿನ ಸಾವು) ಅಂದರೆ ನಿಮಗೆ ಸಿಗೋದು 10 ಸಾವು. ಅದರಲ್ಲಿ ಇಬ್ಬರು ತಾಯಂದಿರು ಬಾಯಿ ಬಿಡಲಿಲ್ಲ ಅಂದುಕೊಳ್ಳಿ. ದರ 25ರಿಂದ 20ಕ್ಕೆ ಇಳಿಯಿತು. ಯಾವ ಯೋಜನೆಯೂ ಇಲ್ಲದೆ, ಇಬ್ಬರ ಮೌನದಿಂದಲೇ ಜಿಲ್ಲೆ ಉದ್ಧಾರ ಆಯ್ತು!

ತಾಯಿ ಮರಣವಂತೂ ಬಿಟ್ಟೇಬಿಡಿ. 2018-20ರ ಮಾದರಿ ನೋಂದಣಿ (ಆರಿಸಿದ ಊರುಗಳಲ್ಲಿ ಹುಟ್ಟು-ಸಾವು ಬರೆದಿಡುವ ಸರ್ಕಾರಿ ಸಮೀಕ್ಷೆ) ಲೆಕ್ಕದಲ್ಲಿ ಕರ್ನಾಟಕಕ್ಕೆ ಲಕ್ಷ ಜೀವಂತ ಜನನಕ್ಕೆ 69, ದೇಶಕ್ಕೆ 97. ಲಕ್ಷಕ್ಕೆ! ಇಡೀ ರಾಜ್ಯದ ಮಾದರಿ ಇಟ್ಟುಕೊಂಡವರೇ ಮೂರು ಮೂರು ವರ್ಷ ಕೂಡಿಸಿ ಹೇಳುತ್ತಾರೆ. ಐದನೇ ಸುತ್ತಿನಲ್ಲಿ ದೇಶದ ತುಂಬ 6,36,699 ಮನೆ ಮಾಡಿದರು, ಸರಾಸರಿ ಜಿಲ್ಲೆಗೆ 900 ಮನೆ. ಅದರಲ್ಲೂ ಜಿಲ್ಲೆಯ ಪುಟದಲ್ಲಿ ಶಿಶು ಮರಣ ದರ ಕೊಟ್ಟಿಲ್ಲ. ಕೊಡೋಕೆ ಬರಲ್ಲ.

ಲಸಿಕೆ, ಹೆರಿಗೆ ಜಾಗ, ಎದೆಹಾಲು ಇಂಥವಕ್ಕೆ 300 ಮನೆ ಸಾಲುತ್ತೆ. ಲಸಿಕೆ ಸಮೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆಯ ಹಳೇ ಪದ್ಧತಿಯೇ 30 ಊರು, ಊರಿಗೆ 7 ಮಕ್ಕಳು, ಒಟ್ಟು 210. ಅಷ್ಟಕ್ಕೆ ಶೇ 10ರಷ್ಟು ಆಚೀಚೆ ಇರುತ್ತೆ. ಐದು ಊರಲ್ಲಿ ಅರವತ್ತರವತ್ತು ಮನೆ ಮಾಡಬೇಡಿ. ಒಂದೇ ಊರಿನವರೆಲ್ಲ ಒಂದೇ ಅಂಗನವಾಡಿ, ಒಬ್ಬರೇ ಆಶಾ, ಒಂದೇ ಬಸ್ಸು. ಉತ್ತರಗಳೂ ಒಂದೇ ಥರ ಬರುತ್ತವೆ. ಊರು ಜಾಸ್ತಿ ಮಾಡಿ, ಊರಿಗೆ ಮನೆ ಕಡಿಮೆ ಮಾಡಿ.

ಹಳೇ_ಸಮೀಕ್ಷಕಿ:

ಇಂಥದೇ ಒಂದು ದೊಡ್ಡ ಸಮೀಕ್ಷೆಯಲ್ಲಿ ಕೆಲಸ ಮಾಡಿದ್ದೇನೆ, ನಮ್ಮ ಎರಡೂ ಜಿಲ್ಲೆಗಳಲ್ಲಿ. ಯಾವ ಏಜೆನ್ಸಿ ಅಂತ ಕೇಳಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದವರು ಓದಿ.

ಆಶಾ ಅಕ್ಕನಿಗಿಂತ ದೊಡ್ಡ ಸಮಸ್ಯೆ ಅತ್ತೆ. ಸೊಸೆಯನ್ನು ಮಾತಾಡಿಸಬೇಕು ಅಂದ ಕೂಡಲೇ ಅತ್ತೆ ಚಾಪೆ ಹಾಸಿ ತಾವೇ ಮೊದಲು ಕೂರುತ್ತಾರೆ. ಎದೆಹಾಲು ಯಾವಾಗ ಕೊಟ್ಟಿರಿ ಅಂದರೆ ಅತ್ತೆ ಉತ್ತರ ಹೇಳುತ್ತಾರೆ. ಸೊಸೆ ನೆಲ ನೋಡುತ್ತಾಳೆ. ಎದ್ದು ಹೋಗಿ ಅಂತ ಹೇಳೋಕಾಗುತ್ತಾ ಅವರದೇ ಮನೆಯಲ್ಲಿ?

ಅದಕ್ಕೆ ನಾವು ಇಬ್ಬರು ಹೋಗುತ್ತಿದ್ದೆವು. ಸಮೀಕ್ಷೆಯಲ್ಲಿ ಎರಡು ಭಾಗ ಇರುತ್ತೆ. ಮನೆಯ ವಿವರ ಒಂದು: ಯಾರ್ಯಾರಿದ್ದಾರೆ, ಚಾವಣಿ ಯಾವುದು, ನೀರು ಎಲ್ಲಿಂದ, ಎಮ್ಮೆ ಎಷ್ಟು, ಹೊಲ ಎಷ್ಟು. ಹೆಂಗಸಿನದು ಇನ್ನೊಂದು. ಒಬ್ಬಳು ಅತ್ತೆಯನ್ನು ಹಿಡಿದು ಪಡಸಾಲೆಯಲ್ಲಿ ಎಮ್ಮೆ, ಹೊಲದ ಲೆಕ್ಕ ಕೇಳುತ್ತಾ ಕೂರುವುದು. ಅತ್ತೆಗೂ ಖುಷಿ, ಯಜಮಾನಿಕೆ ಅವರದೇ ಅಲ್ವಾ. ಅಷ್ಟರಲ್ಲಿ ಇನ್ನೊಬ್ಬಳು ಸೊಸೆಯ ಜೊತೆ ಹಿತ್ತಲ ಕಡೆಗೆ. ಪಾತ್ರೆ ತೊಳೆಯುತ್ತಾ ಇದ್ದರೆ ಇನ್ನೂ ಒಳ್ಳೆಯದು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನಾಗೇ ಸಡಿಲ ಆಗುತ್ತೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಟ್ಯಾಬ್ ತುಂಬುತ್ತಿದ್ದೆ. ಗಂಡನ ಹೊಡೆತ-ಬಡಿತದ ಪ್ರಶ್ನೆಗಳಿಗೆ ನಿಯಮ ಇನ್ನೂ ಬಿಗಿ. ಒಂದು ಮನೆಗೆ ಒಬ್ಬಳೇ ಹೆಂಗಸು, ಪೂರ್ತಿ ಏಕಾಂತ ಇದ್ದರೆ ಮಾತ್ರ. ಯಾರಾದರೂ ಒಳಗೆ ಬಂದರೆ ತಕ್ಷಣ ಮಾತು ಬದಲಿಸಬೇಕು. "ಟ್ಯಾಂಕರ್ ನೀರು ಯಾವಾಗ ಬರುತ್ತೆ?" ಅಂತ ಕೇಳಿಬಿಡುತ್ತಿದ್ದೆ.

ಮಾತ್ರೆಯ ಬಗ್ಗೆ. "ನುಂಗಿದಿರಾ" ಅಂತ ಕೇಳಿದರೆ ಹೌದು ಅಂತಲೇ ಬರುತ್ತೆ. "ಬಹಳ ಜನಕ್ಕೆ ಈ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತೆ, ಕಕ್ಕಸು ಕಪ್ಪಾಗುತ್ತೆ, ಮಲಬದ್ಧತೆ ಆಗುತ್ತೆ ಅಂತಾರೆ, ನಿಮಗೂ ಹಂಗೇ ಆಯ್ತಾ?" ಅಂತ ಶುರು ಮಾಡಿ. ಆಗ "ಅಯ್ಯೋ ಆಗಲ್ವಾ, ಮೂರು ನುಂಗಿ ಬಿಟ್ಟೆ" ಅಂತ ಬರುತ್ತೆ. ಬಿಟ್ಟವಳು ತಾನೊಬ್ಬಳೇ ಅಲ್ಲ ಅಂತ ಅವಳಿಗೆ ಮೊದಲು ಗೊತ್ತಾಗಬೇಕು.

ದಿನಾಂಕದ ಕಥೆ ಬೇರೆ. ಹಿಂದಿನ ತಲೆಮಾರಿನವರೆಲ್ಲ ಜೂನ್ 1ಕ್ಕೆ ಹುಟ್ಟಿದವರು, ಶಾಲೆಯ ಮೇಷ್ಟ್ರ ಕೃಪೆ. ಈಗಿನ ಮಕ್ಕಳಿಗೆ ಜನನ ಪತ್ರ ಇದೆ, ಆದರೆ ಅದು ತವರುಮನೆಯ ಟ್ರಂಕಿನಲ್ಲಿರುತ್ತೆ. ಆಗ ಊರಿನ ನೆನಪು ಹಿಡಿಯಬೇಕು. ಬಸ್ ಫ್ರೀ ಆಗೋ ಮುಂಚೆನಾ, ಆಮೇಲಾ? ಅದು 2023ರ ಜೂನ್. ಹಿರಿಯೂರು ಕಡೆ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ ಅಂದರೆ 2022ರ ಸೆಪ್ಟೆಂಬರ್, 89 ವರ್ಷದ ಮೇಲೆ ಬಿದ್ದದ್ದು, ಯಾರೂ ಮರೆಯಲ್ಲ. 2025ರ ಜನವರಿಯಲ್ಲಿ ಮತ್ತೆ ಬಿತ್ತು, ಹಾಗಾಗಿ ಯಾವ ಸಲದ್ದು ಅಂತ ಕೇಳಿಕೊಳ್ಳಿ. ಚಳ್ಳಕೆರೆ ಕಡೆ ನಾಯಕನಹಟ್ಟಿ ತೇರು ಇದ್ದೇ ಇದೆ. ನಿಮ್ಮ ಊರುಗಳಿಗೆ ಇಂಥ ಪಟ್ಟಿಯನ್ನು ಹೋಗುವ ಮುಂಚೆ ಮಾಡಿಕೊಳ್ಳಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ಕಳ್ಳಾಟ ಇದೆ. ಐದು ವರ್ಷದೊಳಗಿನ ಮಗು ಇದ್ದರೆ ಪ್ರಶ್ನೆ ಜಾಸ್ತಿ. ಲಸಿಕೆ, ಊಟ, ಭೇದಿ, ತೂಕ, ಗಂಟೆಗಟ್ಟಲೆ ಕೆಲಸ. ಮಗುವಿನ ವಯಸ್ಸು ಐದು ವರ್ಷ ಎರಡು ತಿಂಗಳು ಅಂತ ಬರೆದುಬಿಟ್ಟರೆ? ಆ ಭಾಗವೇ ಮಾಯ. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅನ್ನುವ ಒತ್ತಡ ಇದ್ದರೆ ಕೆಲವರ ಕೈ ಹಾಗೆ ಜಾರುತ್ತೆ. 15 ವರ್ಷದ ಹುಡುಗಿ 14 ಆಗುತ್ತಾಳೆ, 49ರ ಹೆಂಗಸು 50 ಆಗುತ್ತಾಳೆ. ಇದು ನಮ್ಮ ಕಡೆ ಮಾತ್ರ ಅಲ್ಲ, ಇಂಥ ಸಮೀಕ್ಷೆ ನಡೆಯುವ ಎಲ್ಲಾ ದೇಶದಲ್ಲೂ ಗೊತ್ತಿರುವ ರೋಗ. ಅದಕ್ಕೇ ಮೇಲಿನವರು ಒಬ್ಬೊಬ್ಬ ಸಮೀಕ್ಷಕಿಯ ಲೆಕ್ಕದಲ್ಲಿ ನಾಲ್ಕು ವರ್ಷದ ಮಕ್ಕಳೆಷ್ಟು, ಐದು ವರ್ಷದವರೆಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಿಮ್ಮ ಗೆಳತಿಯರು ಸಹಾಯಕ್ಕೆ ಬಂದರೆ ನೀವೂ ನೋಡಿ. ಮನೆ ಲೆಕ್ಕಕ್ಕೆ ದುಡ್ಡು ಕೊಡಬೇಡಿ, ದಿನದ ಲೆಕ್ಕಕ್ಕೆ ಕೊಡಿ.

ಬೀಗ ಹಾಕಿದ ಮನೆಗೆ ಬದಲು ಪಕ್ಕದ ಮನೆ ಮಾಡಬೇಡಿ. ದೊಡ್ಡ ಸಮೀಕ್ಷೆಯಲ್ಲಿ ಮೊದಲು ಊರಿನ ನಕ್ಷೆ ಬರೆದು, ಎಲ್ಲಾ ಮನೆ ಪಟ್ಟಿ ಮಾಡಿ, ಅದರಿಂದ 22 ಮನೆ ಆರಿಸುತ್ತಿದ್ದರು. ಆರಿಸಿದ್ದು ಆರಿಸಿದ್ದೇ. ಬೀಗ ಇದ್ದರೆ ಮತ್ತೆ ಮತ್ತೆ ಹೋಗಬೇಕು, ಬದಲಾಯಿಸುವ ಹಾಗಿಲ್ಲ. ಜಗಳೂರಿನ ತಾಂಡಾಗಳಲ್ಲಿ ಬೀಗ ಹಾಕಿದ ಮನೆಯವರು ಕಾಫಿ ತೋಟಕ್ಕೋ ಬೆಂಗಳೂರಿಗೋ ದುಡಿಯೋಕೆ ಹೋದವರು. ಲಸಿಕೆ ತಪ್ಪಿದ ಮಕ್ಕಳು ಜಾಸ್ತಿ ಇರೋದು ಅಲ್ಲೇ. ಮನೆಯಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ ಅಂಕಿ ಚೆನ್ನಾಗಿ ಬರುತ್ತೆ, ಖರೆ ಬರಲ್ಲ.

ಬೆಣ್ಣೆದೋಸೆ_ಸೊಸೆ:

ಅತ್ತೆಗೆ ಎಮ್ಮೆ ಲೆಕ್ಕ ಕೇಳೋ ಐಡಿಯಾ ಸೂಪರ್. ನಮ್ಮನೆಗೂ ಬಂದಿದ್ದರೆ ಚೆನ್ನಾಗಿತ್ತು.

ನಾನು ಉತ್ತರ ಕೊಟ್ಟವಳು. ಗಂಡನ ಮನೆ ದಾವಣಗೆರೆ, ತವರು ಹೊಸದುರ್ಗ. ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಒಂದು ಸಮೀಕ್ಷೆಯವರು ಬಂದರು. ನಿನ್ನೆ ರಾತ್ರಿ ಇಲ್ಲೇ ಮಲಗಿದ್ದಿರಾ ಅಂತ ಕೇಳಿ ನನ್ನ ಹೆಸರೂ ಬರೆದುಕೊಂಡರು. ಆಗ ಯಾಕೆ ಅಂತ ಅರ್ಥ ಆಗಿರಲಿಲ್ಲ. ರಾತ್ರಿ ಎಲ್ಲಿ ಮಲಗಿದರೋ ಆ ಮನೆಯ ಲೆಕ್ಕಕ್ಕೆ ಅಂತ ಈಗ ಗೊತ್ತಾಯ್ತು.

ಮಗು ಹುಟ್ಟಿದ ಮೂರು ದಿನದಲ್ಲಿ ಹಾಲು ಬಿಟ್ಟು ಬೇರೆ ಏನಾದರೂ ಕೊಟ್ಟಿರಾ ಅಂದರು. ನಮ್ಮಜ್ಜಿ ಬೆರಳಲ್ಲಿ ಜೇನುತುಪ್ಪ ನೆಕ್ಕಿಸಿದ್ದರು. ಅಜ್ಜಿ ಅಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ಇಲ್ಲ ಅಂದೆ. ಆಸ್ಪತ್ರೆಯಲ್ಲಿ ಏನೂ ಕೊಡಬೇಡಿ ಅಂತ ಹತ್ತು ಸಲ ಹೇಳಿದ್ದರು, ಕೊಟ್ಟೆವು ಅಂದರೆ ಅಜ್ಜಿಗೆ ಬೈತಾರೇನೋ ಅನ್ನಿಸಿತು. ನಾನು ಡಿಗ್ರಿ ಓದಿದವಳು. ನಾನೇ ಹಾಗಂದೆ.

ಇನ್ನೊಂದು. ಆಸ್ಪತ್ರೆಯಲ್ಲಿ ನಮ್ಮನ್ನು ಹೇಗೆ ನೋಡಿಕೊಂಡರು ಅಂತ ಯಾರೂ ಕೇಳಲಿಲ್ಲ. ಹೆರಿಗೆ ಎಲ್ಲಿ ಆಯ್ತು, ಸರ್ಕಾರಿಯೋ ಖಾಸಗಿಯೋ, ಅಷ್ಟೇ. ರಾಜ್ಯದಲ್ಲಿ ಶೇ 97 ಹೆರಿಗೆ ಆಸ್ಪತ್ರೆಯಲ್ಲೇ ಅಂತ ಪೇಪರ್‌ನಲ್ಲಿ ಓದಿದೆ. ಆ ಶೇ 97ರಲ್ಲಿ ನಾನೂ ಇದ್ದೇನೆ. ನೋವು ತಿನ್ನುವಾಗ "ಆವಾಗ ಗೊತ್ತಾಗಲಿಲ್ವಾ" ಅಂತ ಆಯಾ ಒಬ್ಬಳು ಕಿರುಚಿದ್ದು, ಮಗು ತೋರಿಸೋಕೆ ದುಡ್ಡು ಕೇಳಿದ್ದು ಯಾವ ಫಾರಂನಲ್ಲೂ ಇರಲಿಲ್ಲ. ನಿಮ್ಮದು ಚಿಕ್ಕ ಸಮೀಕ್ಷೆ ಅಲ್ವಾ, ಎರಡು ಪ್ರಶ್ನೆ ಹಾಕಿ. ಎಲ್ಲರೂ ಉತ್ತರ ಕೊಡುತ್ತಾರೆ ನೋಡಿ, ಅತ್ತೆ ಕೂಡ.

ಮತ್ತೆ, ಬಾಣಂತಿಯ ಫೋಟೋ ತೆಗೀಬೇಡಿ. ದಯವಿಟ್ಟು.

ಮಕ್ಕಳ_ಡಾಕ್ಟ್ರು:

ತೂಕ-ಎತ್ತರದ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ. ಮಲಗಿಸಿ ಅಳೆಯೋಕೆ ಇಬ್ಬರು ಬೇಕು. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದಕ್ಕೆ ಹಲಗೆ ತಾಗಿಸಬೇಕು. ಜುಟ್ಟು ಬಿಚ್ಚಿಸಿ. ತೂಕಕ್ಕೆ ಬೆಳ್ಳಿ ಕಾಲ್ಗಡಗ, ಕುಲಾವಿ ಎಲ್ಲಾ ತೆಗೆಸಿ. ಉಡಿದಾರ ಬಿಚ್ಚಲ್ಲ ಅಂದರೆ ಬಿಡಿ, ಅದರಿಂದ ಏನೂ ಆಗಲ್ಲ.

ಅಳತೆಗಿಂತ ವಯಸ್ಸೇ ಜಾಸ್ತಿ ಕೈಕೊಡುವುದು. ಒಂದು ಗಂಡು ಮಗು 73 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ವಯಸ್ಸು 12 ತಿಂಗಳಾದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕೆಳಗಿನ ಗೆರೆ 71, ಮಗು ಸರಿಯಾಗಿದೆ. ಅದೇ ಮಗುವಿಗೆ 15 ತಿಂಗಳಾಗಿದ್ದರೆ ಗೆರೆ 74.1, ಮಗು ಕುಂಠಿತ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಮೂರು ತಿಂಗಳ ವಯಸ್ಸು ತಪ್ಪಾದರೆ ರೋಗನಿರ್ಣಯವೇ ತಿರುಗಾಮುರುಗಾ. ಮೇಲೆ ಹೇಳಿದ ಬಸ್ಸು, ಕೋಡಿ, ತೇರಿನ ಲೆಕ್ಕ ತಮಾಷೆಯಲ್ಲ.

ರಕ್ತದ ಪರೀಕ್ಷೆ ಮಾಡುವ ಯೋಚನೆ ಇದ್ದರೆ ಕೈಬಿಡಿ ಅಂತಲೇ ಹೇಳುತ್ತೇನೆ. 2019-21ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ 65.5 ಬಂತು. ಬೆರಳ ತುದಿ ಚುಚ್ಚಿ ತೆಗೆದ ಹನಿಯಲ್ಲಿ ನೋಡಿದ್ದು. ಅದಕ್ಕೆ ಸ್ವಲ್ಪ ಮುಂಚೆ, 2016-18ರಲ್ಲಿ, ದೇಶದಾದ್ಯಂತ ಮಕ್ಕಳ ಪೋಷಣೆಯ ಇನ್ನೊಂದು ಸಮೀಕ್ಷೆ ನರದಿಂದ ರಕ್ತ ತೆಗೆದು ನೋಡಿತು. 1ರಿಂದ 4 ವರ್ಷದವರಲ್ಲಿ ಶೇ 41 ಬಂತು. ಆಗಿನ ಕುಟುಂಬ ಸಮೀಕ್ಷೆ ದೇಶಕ್ಕೆ ಹೇಳಿದ್ದು ಶೇ 58ಕ್ಕಿಂತ ಜಾಸ್ತಿ. ಬೆರಳು ಹಿಂಡಿದರೆ ರಕ್ತದ ಜೊತೆ ನೀರಿನಂಶ ಬೆರೆಯುತ್ತೆ, ಅಂಕಿ ಕಡಿಮೆ ಬೀಳುತ್ತೆ. ಈ ಜಗಳ ದೊಡ್ಡದಾಗಿ, ಆರನೇ ಸುತ್ತಿನಲ್ಲಿ ರಕ್ತಹೀನತೆ ಪರೀಕ್ಷೆಯನ್ನೇ ಬಿಟ್ಟರು. ದೊಡ್ಡವರಿಗೇ ಬಗೆಹರಿಯದ್ದನ್ನು ನೀವು ಹಳ್ಳಿ ಕಟ್ಟೆ ಮೇಲೆ ಮಾಡಬೇಡಿ.

ಬದಲಿಗೆ ತೋಳಿನ ಸುತ್ತಳತೆಯ ಟೇಪ್ ಒಯ್ಯಿರಿ. ಆರು ತಿಂಗಳ ಮೇಲಿನ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಬರೆದುಕೊಂಡು ಬಂದುಬಿಡೋದಲ್ಲ. ಅವತ್ತೇ ಆಶಾಗೆ ಹೇಳಿ, ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ಇದನ್ನು ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯವರೂ ಕೇಳುತ್ತಾರೆ.

ಕೋಟೆನಾಡಿಗ:

ಶೇ 65 ಅಂತ ಭಾಷಣದಲ್ಲೆಲ್ಲ ಕೇಳಿದ್ದು ಹನಿ ರಕ್ತದ ಅಂಕಿನಾ! ಹಾಗಾದರೆ ರಕ್ತಹೀನತೆ ಇಲ್ಲ ಅಂತನಾ ಡಾಕ್ಟ್ರೇ?

ಮಕ್ಕಳ_ಡಾಕ್ಟ್ರು:

ಶೇ 41 ಅಂದರೆ ಐದರಲ್ಲಿ ಎರಡು ಮಗು ಸ್ವಾಮಿ. ಅದೇನು ಕಡಿಮೆನಾ? ಎಷ್ಟಿದೆ ಅನ್ನೋದರ ಬಗ್ಗೆ ಜಗಳ, ಇದೆ ಅನ್ನೋದರ ಬಗ್ಗೆ ಅಲ್ಲ.

ನಿವೃತ್ತ_ಸಿಸ್ಟರ್:

ಚಿತ್ರದುರ್ಗ ಜಿಲ್ಲೆಯಲ್ಲೇ ಎಎನ್‌ಎಂ (ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿ) ಆಗಿ ಕೆಲಸ ಮಾಡಿ ನಿವೃತ್ತಿ ಆದವಳು. 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಅದಕ್ಕೂ ಮುಂಚಿನ ಕಾಲ ನೋಡಿದ್ದೇನೆ. ಎತ್ತಿನ ಗಾಡಿಯಲ್ಲಿ ಹೆರಿಗೆ ಆದದ್ದೂ ಉಂಟು.

ಆಶಾ ಬಾಗಿಲ ತನಕ ಬಂದು ಹೋಗಲಿ ಅನ್ನುವ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಗೊಲ್ಲರ ಹಟ್ಟಿಗಳಲ್ಲಿ ಹಾಗೆ ಬಿಟ್ಟುಹೋಗಬೇಡಿ. ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಇವತ್ತಿಗೂ ಮನೆಯಿಂದ ಹೊರಗೆ ಇಡುತ್ತಾರೆ. ಅದಕ್ಕೆ ಅಂತ ಸರ್ಕಾರ ಕೃಷ್ಣ ಕುಟೀರ ಕಟ್ಟಿಸಿದೆ. ನೀವು ಮನೆಗಳ ಪಟ್ಟಿ ಹಿಡಿದು ಹೋದರೆ ಆ ಬಾಣಂತಿ ಯಾವ ಮನೆಯಲ್ಲೂ ಸಿಗಲ್ಲ. ನಿನ್ನೆ ರಾತ್ರಿ ಈ ಮನೆಯಲ್ಲಿ ಮಲಗಿದ್ದಳಾ ಅಂದರೆ ಇಲ್ಲ ಅಂತಲೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ನಿಮಗೆ ಬಹಳ ಬೇಕಾದವಳೇ ಲೆಕ್ಕದಿಂದ ಬಿಟ್ಟುಹೋದಳು. ಆಶಾಗೆ ಗೊತ್ತಿರುತ್ತೆ ಎಲ್ಲಿದ್ದಾಳೆ ಅಂತ. ಅಲ್ಲಿಗೆ ಹೋಗೋದಾದರೆ ಹಟ್ಟಿಯ ಕೆಲಸವೆಲ್ಲ ಮುಗಿಸಿ ಕೊನೆಗೆ ಹೋಗಿ. ಬಾಣಂತಿ ಹತ್ತಿರ ಹೋಗಿ ಬಂದು ಮತ್ತೆ ಮನೆಗಳೊಳಗೆ ಕಾಲಿಟ್ಟರೆ ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಬುದ್ಧಿ ಹೇಳೋದು ಬೇರೆ ಕೆಲಸ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಸಾವಿನ ಪ್ರಶ್ನೆ ಹೇಗೆ ಕೇಳುತ್ತೀರಿ ಮಗಳೇ? "ನಿಮ್ಮ ಮಕ್ಕಳು ಯಾರಾದರೂ ಸತ್ತಿದ್ದಾರಾ" ಅಂತ ಬರೆದಿದ್ದರೆ ಹರಿದುಹಾಕಿ.

ಮುಂಗಾರು_ಜಗಳೂರು:

ಹೆಚ್ಚೂಕಮ್ಮಿ ಹಾಗೇ ಇದೆ ಸಿಸ್ಟರ್. ಹೇಗೆ ಕೇಳಬೇಕು?

ನಿವೃತ್ತ_ಸಿಸ್ಟರ್:

ಇರುವ ಮಕ್ಕಳಿಂದ ಶುರು ಮಾಡಿ. ಜೊತೆಗಿರುವ ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು. ಅಜ್ಜಿ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಇರುವವರೆಷ್ಟು. ಒಬ್ಬೊಬ್ಬರ ಹೆಸರು ಕೇಳಿ, ಮಗು ಎದುರಿಗಿದ್ದರೆ ಮಾತಾಡಿಸಿ. ಆಮೇಲೆ ಇಬ್ಬರು ಮಕ್ಕಳ ನಡುವೆ ಅಂತರ ಜಾಸ್ತಿ ಇದ್ದರೆ ಅಲ್ಲಿ ನಿಲ್ಲಿ. "ಇವಳಿಗೂ ಇವನಿಗೂ ನಡುವೆ ಇನ್ನೊಂದು ಬಸುರಿ ಇತ್ತಾ? ಹುಟ್ಟಿ ಅತ್ತು, ಒಂದೆರಡು ಗಂಟೆ, ಒಂದೆರಡು ದಿನ ಇದ್ದ ಕೂಸು?" ಅಂತ ಮೆಲ್ಲಗೆ ಕೇಳಿ. ಅತ್ತಿತ್ತಾ, ಉಸಿರಾಡಿತ್ತಾ, ಕೈಕಾಲು ಆಡಿಸಿತ್ತಾ ಅನ್ನೋದು ಮುಖ್ಯ. ಬಹಳ ಮನೆಗಳಲ್ಲಿ ಒಂದು ದಿನ ಬದುಕಿದ ಕೂಸನ್ನೂ "ಹೊಟ್ಟೆಯಲ್ಲೇ ಹೋಗಿತ್ತು" ಅಂತಲೇ ಹೇಳಿಬಿಡುತ್ತಾರೆ. ಅದಕ್ಕೆ ಹೆಸರಿಟ್ಟಿರಲ್ಲ, ತೊಟ್ಟಿಲಿಗೆ ಹಾಕಿರಲ್ಲ. ಲೆಕ್ಕಕ್ಕೆ ಸೇರಿಸೋಕೆ ಅವರಿಗೆ ಮನಸ್ಸೂ ಬರಲ್ಲ.

ಕೇಳಿದ ಮೇಲೆ ಅವಸರ ಮಾಡಬೇಡಿ. ಮುಂದಿನ ಪ್ರಶ್ನೆಗೆ ಹಾರಬೇಡಿ. ಅವಳು ಅತ್ತರೆ ಟ್ಯಾಬ್ ಕೆಳಗಿಡಿ. ಸಾಕು ಅಂದರೆ ಸಾಕು. ಫಾರಂ ಅರ್ಧ ಇರಲಿ, ಅವಳೇನು ನಿಮಗೆ ಸಾಲ ತೀರಿಸಬೇಕಾಗಿಲ್ಲ. ಇದಂತೂ ಆಶಾ ಮುಂದೆ ಬೇಡ, ಅತ್ತೆ ಮುಂದೆ ಬೇಡವೇ ಬೇಡ.

ಹಳೇ_ಸಮೀಕ್ಷಕಿ:

ಸಿಸ್ಟರ್ ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಇದನ್ನು ಕೇಳುವವಳು ಸ್ವಲ್ಪ ವಯಸ್ಸಾದವಳಾಗಿದ್ದರೆ, ಮದುವೆಯಾದವಳಾಗಿದ್ದರೆ ಬಾಯಿ ಬೇಗ ಬಿಚ್ಚುತ್ತಾರೆ. ಮದುವೆ ಆಗದ ಹುಡುಗಿ ಮುಂದೆ ಇಂಥದ್ದು ಹೇಳೋದು ಅಪಶಕುನ ಅಂತ ಹಿಂಜರಿಯುತ್ತಾರೆ. ನಿಮ್ಮ ತಂಡದಲ್ಲಿ ಅಂಥವರು ಒಬ್ಬರಾದರೂ ಇರಲಿ.

ಮುಂಗಾರು_ಜಗಳೂರು:

ಎಲ್ಲರಿಗೂ ಬಹಳ ಥ್ಯಾಂಕ್ಸ್. ಗೈಡ್ ಜೊತೆ ಕೂತು ಮಾತಾಡಿ ಬಂದೆ. ಹೀಗೆ ಮಾಡೋಣ ಅಂತ ಆಗಿದೆ. ಆಶಾ ಅಕ್ಕ ಬಾಗಿಲಲ್ಲಿ ಪರಿಚಯ ಮಾಡಿಸಿ ಹೋಗುತ್ತಾರೆ, ಹಟ್ಟಿಗಳಲ್ಲಿ ಮಾತ್ರ ದಾರಿ ತೋರಿಸೋಕೆ ಇರುತ್ತಾರೆ. ಇಬ್ಬಿಬ್ಬರ ತಂಡ, ಒಬ್ಬರಿಗೆ ಅತ್ತೆಯ ಉಸ್ತುವಾರಿ. ಮರಣ ದರ ಎರಡನ್ನೂ ಬಿಟ್ಟಿದ್ದೇವೆ. ಸಾವಿನ ಪ್ರಶ್ನೆ ಇರುತ್ತೆ, ಆದರೆ ದರ ಅಂತ ಬರೆಯಲ್ಲ. ಪ್ರತಿ ಮನೆಯಲ್ಲಿ ಮಾತಾಡುವಾಗ ಯಾರ್ಯಾರು ಕಿವಿಗೆ ಬೀಳುವಷ್ಟು ಹತ್ತಿರ ಇದ್ದರು ಅಂತ ಒಂದು ಕಾಲಂ ಸೇರಿಸಿದ್ದೇವೆ. ಅತ್ತೆ ಇದ್ದ ಮನೆ, ಇಲ್ಲದ ಮನೆ ಬೇರೆ ಬೇರೆ ಮಾಡಿ ಮಾತ್ರೆಯ ಉತ್ತರ ಹೋಲಿಸಬಹುದು. ಗೈಡ್‌ಗೆ ಇದೇ ಜಾಸ್ತಿ ಇಷ್ಟ ಆಯ್ತು. ಆಸ್ಪತ್ರೆಯಲ್ಲಿ ಹೇಗೆ ನಡೆಸಿಕೊಂಡರು ಅನ್ನುವ ಎರಡು ಪ್ರಶ್ನೆಗೂ ಒಪ್ಪಿದರು, ಆಸ್ಪತ್ರೆ ಹೆಸರು ಬರೆಯಬಾರದು ಅನ್ನುವ ಷರತ್ತಿನ ಮೇಲೆ.

ಅಕ್ಟೋಬರ್‌ನಲ್ಲಿ ಶುರು ಮಾಡಬಹುದಾ?

ಲೆಕ್ಕದ_ಮೇಷ್ಟ್ರು:

ಆ ಕಾಲಂ ಬಹಳ ಚೆನ್ನಾಗಿದೆ. ಅದನ್ನು ತುಂಬದ ಫಾರಂ ವಾಪಸ್ ಕಳಿಸಿ.

ಆಶಾ_ಅಕ್ಕ_ಚಳ್ಳಕೆರೆ:

ಅಕ್ಟೋಬರ್ ಬೇಡ್ವೇ ಬೇಡ. ಶೇಂಗಾ ಕೀಳೋ ಕಾಲ, ಜಗಳೂರು ಕಡೆ ಮೆಕ್ಕೆಜೋಳ. ಬೆಳಿಗ್ಗೆ ಏಳಕ್ಕೇ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ, ಮನೆಯಲ್ಲಿ ಸಿಗೋದು ಮುದುಕರು, ಕೋಳಿ. ಸುಗ್ಗಿ ಮುಗಿದ ಮೇಲೆ ಬನ್ನಿ, ಸಂಜೆ ಹೊತ್ತು ಬನ್ನಿ, ಸಂತೆ ದಿನ ಬೇಡ. ಹಿಂದಿನ ದಿನ ನಿಮ್ಮೂರಿನ ಆಶಾಗೆ ಒಂದು ಫೋನ್ ಮಾಡಿ.

ತೂಕದ ಯಂತ್ರ ನಿಮ್ಮದೇ ತನ್ನಿ. ನಮ್ಮ ಅಂಗನವಾಡಿಯದು ಸೆಲ್ ಹೋಗಿ ಕೂತಿದೆ.